ಬಚ್ಚಲಿನ ವಾಟ

ಅಂತರ್ಜಾಲದಲ್ಲಿ ‘ಬನಶಂಕರಿ, ಬಾತ್‌ರೂಮ್ ಕಂಟ್ರ್ಯಾಕ್ಟರ್’ ಎಂದು ಹುಡುಕಿದರೆ ಪುಟಗಟ್ಟಲೆ ಹೆಸರುಗಳು ಬರುತ್ತವೆ. ಎಲ್ಲರೂ ಬೆಂಗಳೂರಿನವರು. ನಮ್ಮ ದೇವಿಯ ಹೆಸರಿಟ್ಟುಕೊಂಡ ಆ ಬಡಾವಣೆಯಲ್ಲಿ ಮೆಟ್ರೋ ನಿಲ್ದಾಣವಿದೆ, ಎರಡನೇ ಹಂತ ಮೂರನೇ ಹಂತಗಳಿವೆ, ಉಚಿತವಾಗಿ ಮನೆಗೆ ಬಂದು ಅಳತೆ ತೆಗೆದುಕೊಳ್ಳುವ ಕಂಪನಿಗಳಿವೆ. ಒಬ್ಬರಿಗೆ ಫೋನು ಹಚ್ಚಿ, ನಮ್ಮದು ಬಾದಾಮಿ ಬನಶಂಕರಿ ಎಂದೆ. ಅತ್ತಕಡೆಯ ಹುಡುಗಿ ಒಂದು ಕ್ಷಣ ಸುಮ್ಮನಿದ್ದು, ‘ಮೇಡಂ, ಅದು ಯಾವ ಸ್ಟೇಜ್?’ ಎಂದು ಕೇಳಿದಳು.

ನಮ್ಮ ಬನಶಂಕರಿಗೆ ಹಂತಗಳಿಲ್ಲ. ಬಾದಾಮಿಯಿಂದ 5 ಕಿಲೋಮೀಟರು, ಚೊಳಚಗುಡ್ಡಕ್ಕೆ ಹತ್ತಿರ. ಗುಡಿ, ಗುಡಿಯ ಎದುರಿಗೆ ಹರಿದ್ರಾತೀರ್ಥ, ಅದರ ಸುತ್ತ ಕಲ್ಲುಕಂಬದ ಪಡಸಾಲೆ, ದೀಪಸ್ತಂಭ, ತೆಂಗಿನಕಾಯಿ ಅಂಗಡಿಗಳು. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೆ ತಿಂಗಳುಗಟ್ಟಲೆ ಜಾತ್ರೆ, ನಾಟಕ ಕಂಪನಿಗಳ ಗದ್ದಲ. ಉಳಿದ ದಿನಗಳಲ್ಲಿ ದರ್ಶನ ಮುಗಿಸಿ ಬಂದವರಿಗೆ ಬುಟ್ಟಿಯಲ್ಲಿ ಜೋಳದ ರೊಟ್ಟಿ, ಕೆಂಪು ಚಟ್ನಿ, ಕಾಳುಪಲ್ಯ, ಗಟ್ಟಿ ಮೊಸರು ಇಟ್ಟುಕೊಂಡು ಕರೆಯುವ ಹೆಂಗಸರು. ನಮ್ಮ ಆಯಿ ಮೂವತ್ತು ವರ್ಷ ಹಾಗೆ ಕರೆದವಳು. ಬೆಳಗಿನ ಜಾವ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ರೊಟ್ಟಿ ಬಡಿಯುವುದು, ಆಮೇಲೆ ಸಂಜೆಯತನಕ ನೆಲದ ಮೇಲೆ ಬುಟ್ಟಿಯ ಹಿಂದೆ ಕೂರುವುದು. ಈಗ ಎರಡೂ ಮೊಣಕಾಲು ಸವೆದಿವೆ. ಕೂತರೆ ಏಳಲಾರಳು, ಎದ್ದರೆ ಕೂರಲಾರಳು.

ನಮ್ಮ ಬಚ್ಚಲಿಗೆ ಈ ಮೊಣಕಾಲುಗಳ ಲೆಕ್ಕವಿರಲಿಲ್ಲ. ಅಡುಗೆಮನೆಯ ಗೋಡೆಗೆ ಹತ್ತಿ ಒಂದು ಮೂಲೆ; ನಮ್ಮ ಗುಡ್ಡದ್ದೇ ಕೆಂಪು ಕಲ್ಲಿನ ಚಪ್ಪಡಿ; ಒಲೆಯ ಮೇಲೆ ತಾಮ್ರದ ಹಂಡೆ; ಬಾಗಿಲ ಬದಲು ಹಳೆಯ ಸೀರೆಯ ಪರದೆ. ಸಂಡಾಸು ಹಿತ್ತಿಲ ಕೊನೆಗೆ ಬೇರೆ. ಸ್ವಚ್ಛ ಭಾರತ ಯೋಜನೆಯ 12,000 ರೂಪಾಯಿ ಬಂದ ವರ್ಷ ಅದಕ್ಕೆ ನಮ್ಮದೂ ಒಂದಿಷ್ಟು ಸೇರಿಸಿ ಕಟ್ಟಿಸಿದ್ದು. ಕುಕ್ಕರಗಾಲಿನ ಬೇಸಿನ್ನು, ತಗಡಿನ ಬಾಗಿಲು, ಕೆಳಗೆ ಒಂದು ಗುಂಡಿ. ರಾತ್ರಿ ಆಯಿ ಅಲ್ಲಿಗೆ ಹೋಗಬೇಕೆಂದರೆ ಅವ್ವ ಬ್ಯಾಟರಿ ಹಿಡಿದು ಹಿಂದೆ ನಡೆಯಬೇಕು. ಇದನ್ನು ತಪ್ಪಿಸಲು ಆಯಿ ಕಂಡುಕೊಂಡಿದ್ದ ದಾರಿಯೆಂದರೆ ಸಂಜೆ ಐದರ ಮೇಲೆ ನೀರು ಕುಡಿಯದಿರುವುದು. ಬೇಸಿಗೆಯಲ್ಲೂ ಕುಡಿಯುತ್ತಿರಲಿಲ್ಲ. ಎರಡು ಸಲ ಉರಿಮೂತ್ರಕ್ಕೆ ಔಷಧ ತಂದ ಮೇಲೆ ಅವ್ವನಿಗೆ ಇದು ಗೊತ್ತಾಯಿತು. ಬಚ್ಚಲು ಬಿಚ್ಚಿಸುವುದೆಂದು ಮನೆಯಲ್ಲಿ ತೀರ್ಮಾನವಾದದ್ದು ಹಾಗೆ.

ನಮ್ಮ ಕಡೆ ಗೌಂಡಿಗಳಿಗೆ ಬರವಿಲ್ಲ, ಆದರೆ ಅವರು ಊರಲ್ಲಿರುವುದಿಲ್ಲ. ಬಾದಾಮಿ, ಹುನಗುಂದ ಸೀಮೆಯ ಕೈಗಳು ಕಟ್ಟಿದ ಮನೆಗಳು ಗೋವಾದಲ್ಲಿವೆ, ಮಂಗಳೂರು, ಉಡುಪಿಯಲ್ಲಿವೆ. ಜಾತ್ರೆಗೆಂದು ಬಂದವರು ಜಾತ್ರೆ ಮುಗಿಯುತ್ತಲೇ ಬಸ್ಸು ಹತ್ತುತ್ತಾರೆ. ಆ ಸಂದಿಯಲ್ಲಿ ಹಿಡಿಯಬೇಕು. ಮೂವರನ್ನು ಕರೆಸಿದೆವು. ಒಬ್ಬರು ಬಾಗಿಲಲ್ಲೇ ನಿಂತು, ಒಳಗೆ ಇಣುಕಿ, 95 ಸಾವಿರ ಎಂದರು. ಇನ್ನೊಬ್ಬರು ಮೊಬೈಲಿನಲ್ಲಿ ಹೊಟೇಲಿನ ಬಾತ್‌ರೂಮುಗಳ ಚಿತ್ರ ತೋರಿಸಿ 1 ಲಕ್ಷ 40 ಸಾವಿರ ಎಂದರು. ಮೂರನೆಯವನು ನಲವತ್ತರ ಸುಮಾರಿನ ಗುತ್ತಿಗೆದಾರ, ಮಂಗಳೂರಿನಲ್ಲಿ ಹನ್ನೆರಡು ವರ್ಷ ದುಡಿದು ಬಂದವನು. ಅವನು ಬೆಲೆ ಹೇಳಲಿಲ್ಲ. ಒಂದು ತಂಬಿಗೆ ನೀರು ಕೇಳಿ, ಚಪ್ಪಡಿಯ ಮೇಲೆ ಸುರಿದು, ಅದು ಎತ್ತ ಹರಿಯುತ್ತದೆಂದು ನೋಡುತ್ತ ನಿಂತ. ನೀರು ಮೋರಿಯ ಕಡೆ ಅರ್ಧ ಹೋಗಿ, ಅಲ್ಲೇ ತಂಗಿ, ಅಡುಗೆಮನೆಯ ಗೋಡೆಯ ಬುಡಕ್ಕೆ ಸರಿಯಿತು. ‘ವಾಟ ಉಲ್ಟಾ ಐತ್ರಿ. ನಿಮ್ಮ ಗ್ವಾಡಿ ಹತ್ತು ವರ್ಷದಿಂದ ನೀರ ಕುಡ್ಯಾಕತ್ತೈತಿ,’ ಎಂದ. ಆಯಿ ಒಳಗಿನಿಂದ, ‘ಇವನ ಇರಲಿ,’ ಎಂದಳು.

ವಾಟ ಎಂದರೆ ಇಳಿಜಾರು. ಬಚ್ಚಲಿನ ಕೆಲಸವೆಲ್ಲ ಕೊನೆಗೆ ಈ ಒಂದು ಮಾತಿನ ಮೇಲೆ ನಿಂತಿದೆ ಎಂಬುದು ನನಗೆ ಆ ಹದಿನೈದು ದಿನಗಳಲ್ಲಿ ತಿಳಿಯಿತು. ನಲ್ಲಿ, ಟೈಲ್ಸು, ಕನ್ನಡಿ ಎಲ್ಲ ಕಣ್ಣಿಗೆ ಕಾಣುವಂಥವು; ವಾಟ ಕಾಣುವುದಿಲ್ಲ. 7 ಅಡಿ ಉದ್ದದ ನೆಲಕ್ಕೆ ಸುಮಾರು 1 ಇಂಚು ಇಳಿಸಬೇಕು. ಕಡಿಮೆಯಾದರೆ ನೀರು ನಿಂತು ಪಾಚಿ ಕಟ್ಟುತ್ತದೆ, ಹೆಚ್ಚಾದರೆ ಮುದುಕರ ಕಾಲು ಜಾರುತ್ತದೆ. ಕಮೋಡಿನ ಕೆಳಗಿನ ಬಾಗಿದ ಕೊಳವೆಯಲ್ಲಿ ಸದಾ ಒಂದಿಷ್ಟು ನೀರು ನಿಂತಿರಬೇಕು, ಗುಂಡಿಯ ವಾಸನೆಯನ್ನು ತಡೆಯುವ ಬಾಗಿಲು ಆ ನೀರೇ. ಗೋಡೆಯೊಳಗಿನ ಪೈಪುಗಳನ್ನು ಗಿಲಾವಿನಿಂದ ಮುಚ್ಚುವ ಮೊದಲೇ ಒತ್ತಡದ ನೀರು ಹಾಯಿಸಿ ನೋಡಬೇಕು. ಮುಚ್ಚಿದ ಮೇಲೆ ತಪ್ಪು ಕಂಡರೆ ಟೈಲ್ಸು ಒಡೆಯುವುದೊಂದೇ ದಾರಿ.

ಮೊದಲ ಜಗಳ ಕಾಗದದ್ದು. ಯಾವ ಕೆಲಸ, ಯಾವ ಸಾಮಾನು ಯಾರದು, ಯಾವ ಹಂತಕ್ಕೆ ಎಷ್ಟು ಹಣ ಎಂಬುದನ್ನು ಬರೆದು ಇಬ್ಬರೂ ಸಹಿ ಹಾಕೋಣ ಎಂದೆ. ಒಟ್ಟು 1 ಲಕ್ಷ 18 ಸಾವಿರ; 20 ಸಾವಿರ ಇಸಾರ; ಕೊನೆಯ 15 ಸಾವಿರ ನೀರು ನಿಲ್ಲಿಸಿ ಪರೀಕ್ಷೆ ಮಾಡಿದ ಮೇಲೆ. ಗುತ್ತಿಗೆದಾರನ ಮುಖ ಸಣ್ಣದಾಯಿತು. ‘ಅಕ್ಕಾರ, ಕಾಗದ ಯಾರ ನಡುವ ಬರೀತಾರಿ? ನಂಬಿಕಿ ಇಲ್ಲದವ್ರ ನಡುವ. ನಾ ಈ ಊರಾಗ ಹುಟ್ಟಿದಾವ.’ ನಾನು ಓದುವುದು ಶಾಸನಗಳನ್ನು. ಇಲ್ಲಿಂದ ಪಟ್ಟದಕಲ್ಲಿಗೆ ಅರ್ಧ ತಾಸಿನ ದಾರಿ. ಅಲ್ಲಿನ ವಿರೂಪಾಕ್ಷ ದೇಗುಲವನ್ನು ಎಂಟನೇ ಶತಮಾನದಲ್ಲಿ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದಳು. ಕಟ್ಟಿದ ಸೂತ್ರಧಾರಿ ಗುಂಡನ ಹೆಸರು, ಅವನಿಗೆ ಕೊಟ್ಟ ತ್ರಿಭುವನಾಚಾರಿ ಎಂಬ ಬಿರುದು ಕಲ್ಲಿನ ಮೇಲೆ ಇಂದಿಗೂ ಇವೆ. ‘ನಂಬಿಕಿ ಇದ್ದದ್ದಕ್ಕ ಬರದಾರ ನೋಡು. ಅವನ ಹೆಸರು ಸಾವಿರದ ಇನ್ನೂರು ವರ್ಷ ಉಳೀತು,’ ಎಂದೆ. ಅವನು ನಕ್ಕ. ‘ಅವಂಗ ಬಿರುದು ಕೊಟ್ಟಾರ್ರಿ. ನೀವು ಹದಿನೈದು ಸಾವಿರ ಹಿಡಕೊಂಡೀರಿ.’ ಸಹಿ ಮಾತ್ರ ಹಾಕಿದ, ದೊಡ್ಡ ಅಕ್ಷರದಲ್ಲಿ, ಅಡ್ಡ ಗೆರೆ ಎಳೆದು.

ಎರಡನೆಯ ಜಗಳ ಆಯಿಯದು. ಗುತ್ತಿಗೆದಾರನ ಮಾತಿನಂತೆ ಸಂಡಾಸನ್ನು ಬಚ್ಚಲಿನೊಳಗೇ ತಂದರೆ ಕತ್ತಲಲ್ಲಿ ನಡೆಯುವುದು ತಪ್ಪುತ್ತದೆ. ಆಯಿಗೆ ಅದು ಒಪ್ಪಿಗೆಯಿಲ್ಲ. ಅಡುಗೆಮನೆಯ ಗೋಡೆಯ ಆಚೆ ಅದು ಇರುವುದೆಂದರೆ ರೊಟ್ಟಿ ಯಾವ ಬಾಯಿಂದ ತಿನ್ನಬೇಕು? ಕಮೋಡಿನ ಚಿತ್ರ ನೋಡಿ, ‘ಇದರ ಮ್ಯಾಲ ಎಲ್ಲಾರೂ ಕುಂದರತಾರನು? ಒಬ್ಬರ ಕುಂತಲ್ಲೆ ಒಬ್ಬರು?’ ಎಂದಳು. ಅವಳ ಪ್ರಶ್ನೆಗೆ ವೈದ್ಯಶಾಸ್ತ್ರದ ಉತ್ತರ ಕೊಟ್ಟು ಪ್ರಯೋಜನವಿಲ್ಲ. ಕೊನೆಗೆ ದಾರಿ ತೆಗೆದವಳು ಅವ್ವ. ಅಡುಗೆಮನೆಯ ಕಡೆ ಸ್ನಾನದ ಜಾಗ, ಆಚೆ ತುದಿಗೆ ಕಮೋಡು, ನಡುವೆ ಎದೆಯೆತ್ತರದ ಗೋಡೆ. ಆ ಗೋಡೆಗೆ ಆಯಿಯ ಕೈಗೆ ಸಿಗುವಂತೆ ಸ್ಟೀಲಿನ ಹಿಡಿಕೆ. ಮೊಣಕಾಲಿಗೂ ಮಡಿಗೂ ಒಂದೇ ಗೋಡೆ ಕೆಲಸ ಮಾಡಿತು.

ಮೂರನೆಯದು ಗುಂಡಿಯದು, ಮತ್ತು ಇದರಲ್ಲಿ ನಾನು ಬಗ್ಗಲಿಲ್ಲ. ಗುತ್ತಿಗೆದಾರನ ಯೋಜನೆ ಎಲ್ಲರ ಯೋಜನೆಯೇ: ಹಳೆಯ ಗುಂಡಿಯನ್ನೇ ಇನ್ನಷ್ಟು ಆಳಕ್ಕೆ ತೋಡಿ, ಸಿಮೆಂಟಿನ ಉಂಗುರ ಇಳಿಸಿ, ಮುಚ್ಚಿಬಿಡುವುದು. ತುಂಬಿದಾಗ? ‘ಟ್ಯಾಂಕರ್ ಬರತೈತ್ರಿ.’ ಟ್ಯಾಂಕರಿನ ಪೈಪು ತಳದ ಗಟ್ಟಿಯನ್ನು ಎಳೆಯದಿದ್ದಾಗ? ಅವನು ಉತ್ತರ ಕೊಡಲಿಲ್ಲ. ಉತ್ತರ ಇಬ್ಬರಿಗೂ ಗೊತ್ತಿತ್ತು. ಮಲದ ಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಆದರೂ ಗುಂಡಿಗಳಲ್ಲಿ ಉಸಿರುಗಟ್ಟಿ ಸತ್ತವರ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ, ಸತ್ತವರು ಯಾವ ಜಾತಿಯವರೆಂದು ಯಾರೂ ಕೇಳಬೇಕಾಗಿಲ್ಲ. ಇದಕ್ಕೆ ಪರಿಹಾರ ಹೊಸದೇನಲ್ಲ, ಸರ್ಕಾರದ ಕೈಪಿಡಿಗಳಲ್ಲೇ ಇರುವ ಜೋಡಿಗುಂಡಿ. ಆಳವಿಲ್ಲದ ಎರಡು ಗುಂಡಿ, ನೀರು ಮಣ್ಣಿಗೆ ಇಂಗುವಂತೆ ಸಂದಿ ಬಿಟ್ಟು ಕಟ್ಟಿದ ಇಟ್ಟಿಗೆ ಗೋಡೆ, ಕವಲೊಡೆದ ಒಂದು ಪೈಪು. ಒಂದು ತುಂಬಿದರೆ ಕವಲನ್ನು ಮುಚ್ಚಿ ಇನ್ನೊಂದಕ್ಕೆ ತಿರುಗಿಸುವುದು. ಮುಚ್ಚಿಟ್ಟ ಗುಂಡಿಯಲ್ಲಿರುವುದು ಒಂದೂವರೆ ಎರಡು ವರ್ಷದಲ್ಲಿ ವಾಸನೆಯಿಲ್ಲದ ಮಣ್ಣಾಗುತ್ತದೆ. ಅದನ್ನು ಮನೆಯವರೇ ಸಲಿಕೆಯಿಂದ ತೆಗೆದು ಗಿಡಕ್ಕೆ ಹಾಕಬಹುದು.

ತೊಂದರೆ ಒಂದೇ: ಇಂಗುಗುಂಡಿಗೆ ಹೆಚ್ಚು ನೀರು ಆಗಿಬರುವುದಿಲ್ಲ. ಹಳೆಯ ಬೇಸಿನ್ನಿಗೆ ಒಂದೆರಡು ಲೀಟರು ಸಾಕಿತ್ತು. ಕಮೋಡಿನ ತೊಟ್ಟಿ ಒಂದು ಸಲಕ್ಕೆ ಅದರ ಎರಡು ಮೂರು ಪಟ್ಟು ನೀರು ಬಿಡುತ್ತದೆ. ಹಾಗಾಗಿ ಕಡಿಮೆ ನೀರಿನ ಎರಡು ಗುಂಡಿಯೊತ್ತುವ ತೊಟ್ಟಿಯನ್ನು ಆರಿಸಿ, ಸ್ನಾನದ ನೀರನ್ನು ಗುಂಡಿಗೆ ಬಿಡದೆ ಬೇರೆ ಪೈಪಿನಲ್ಲಿ ಬಾಳೆಗಿಡದ ಪಾತಿಗೆ ತಿರುಗಿಸಿದೆವು. ಇದಕ್ಕೆ 9 ಸಾವಿರ ಹೆಚ್ಚು ಬಿತ್ತು. ‘ಮೂವರು ಹೆಣ್ಮಕ್ಕಳ ಮನಿಗೆ ಎರಡು ಗುಂಡಿ!’ ಎಂದು ಗುತ್ತಿಗೆದಾರ ತನ್ನ ಗೌಂಡಿಗೆ ಹೇಳಿದ್ದು ನನಗೆ ಕೇಳಿಸಲೆಂದೇ. ಆದರೆ ಇಟ್ಟಿಗೆಯ ಸಂದಿಗಳನ್ನು ಅವನು ಅಳತೆ ತಪ್ಪದೆ ಬಿಡಿಸಿದ.

ಬಿಚ್ಚುವ ಕೆಲಸ ಒಂದೇ ದಿನ. ಹಿತ್ತಿಲ ಸಂಡಾಸಿನ ತಗಡು, ಬೇಸಿನ್ನು, ಬಚ್ಚಲಿನ ಗೋಡೆ ಎಲ್ಲ ಮಧ್ಯಾಹ್ನದೊಳಗೆ ನೆಲಕ್ಕೆ ಬಂದವು. ಕೆಂಪು ಚಪ್ಪಡಿಯನ್ನು ಒಡೆಯದೆ ಎತ್ತಬೇಕೆಂದು ಆಯಿ ಕಟ್ಟೆಯ ಮೇಲೆ ಕೂತು ಕಾವಲಿದ್ದಳು. ಕೆಲಸಕ್ಕೆ ಬಂದವರು ಮೂವರು: ಗೌಂಡಿ, ಒಬ್ಬ ಹುಡುಗ, ಮೂವತ್ತೈದರ ಆಸುಪಾಸಿನ ಒಬ್ಬ ಹೆಂಗಸು. ಗೌಂಡಿಗೆ ದಿನಕ್ಕೆ 900, ಹುಡುಗನಿಗೆ 600, ಅವಳಿಗೆ 400. ಉಸುಕು ಸೋಸುವುದು, ಬುಟ್ಟಿ ಹೊರುವುದು, ಕಲಸುವುದು, ಇಟ್ಟಿಗೆ ನೆನೆಸುವುದು, ಸಂಜೆ ಎಲ್ಲ ತೊಳೆದಿಡುವುದು ಅವಳ ಪಾಲು. ಎರಡನೆಯ ದಿನ ಹತ್ತು ಗಂಟೆಯ ಹೊತ್ತಿಗೆ ಆಯಿ ಅವಳನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದಳು: ‘ನೀ ಎಲ್ಲಿಗೆ ಹೋಗ್ತಿ ಬೇ?’

ಅವಳು ಸೆರಗು ಸರಿಮಾಡಿಕೊಂಡು, ‘ಸಂಜಿಮುಂದ ಊರಿಗೆ ಹೋದ ಮ್ಯಾಲ, ಆಯೀ,’ ಎಂದಳು. ಬೆಳಗ್ಗೆ ಎಂಟರಿಂದ ಸಂಜೆ ಆರು. ಅಷ್ಟು ಹೊತ್ತು ಅವಳೂ ನೀರು ಕುಡಿಯುವುದಿಲ್ಲ. ಬಚ್ಚಲು ಕಟ್ಟುವವಳಿಗೆ ಹೋಗಲು ಜಾಗವಿಲ್ಲ ಎಂಬ ಈ ಮಾತು ಅಳತೆ ಟೇಪು ಹಿಡಿದು ಓಡಾಡುತ್ತಿದ್ದ ನಮಗ್ಯಾರಿಗೂ ಕಂಡಿರಲಿಲ್ಲ. ಕಂಡದ್ದು ನೀರು ಬಿಟ್ಟು ಬದುಕಿದ್ದ ಇನ್ನೊಬ್ಬಳಿಗೆ. ಆ ಹದಿನೈದು ದಿನ ನಮಗೇನೋ ಸೋದರಮಾವನ ಮನೆಯಿತ್ತು, ಎರಡು ಓಣಿ ಆಚೆ. ಆಯಿ ಅವಳಿಗಾಗಿ ಪಕ್ಕದ ಮನೆಯಲ್ಲಿ ಕೇಳಿದಳು. ಅವರು ನಮ್ಮ ಮನೆಯವರಾದರೆ ಬರಲಿ, ಕೂಲಿಯವರು ಬೇಡ ಎಂದರು. ಅದರಾಚೆಯ ಮನೆಯವರು ಹೂಂ ಎಂದರು. ಇಷ್ಟನ್ನೆಲ್ಲ ಕುಂಟುತ್ತಲೇ ಓಡಾಡಿ ಮಾಡಿದ ಆಯಿ, ಮಧ್ಯಾಹ್ನ ಅವಳಿಗೆ ನೀರು ಕೊಟ್ಟದ್ದು ಕಟ್ಟೆಯ ಮೇಲೆ ಬೇರೆಯಾಗಿ ಇಡುವ ಲೋಟದಲ್ಲಿ. ಎರಡೂ ಒಂದೇ ಆಯಿ. ಇಬ್ಬರಲ್ಲಿ ಒಬ್ಬಳನ್ನು ಮಾತ್ರ ಬರೆಯುವುದು ಸುಲಭವಿತ್ತು.

ಹನ್ನೊಂದನೆಯ ದಿನ ನೆಲದ ನೀರುನಿರೋಧಕ ಲೇಪ ಒಣಗಿತ್ತು. ಕಾಗದದಲ್ಲಿ ಬರೆದಂತೆ ಪರೀಕ್ಷೆ: ನೀರು ಹೋಗುವ ತೂತಿಗೆ ಬಟ್ಟೆಯ ಬಿರಡೆ ಜಡಿದು, ಬಾಗಿಲಿಗೆ ಸಿಮೆಂಟಿನ ಒಡ್ಡು ಹಾಕಿ, ನೆಲದ ತುಂಬ ಎರಡು ಇಂಚು ನೀರು ನಿಲ್ಲಿಸಿ, ಗೋಡೆಯ ಮೇಲೆ ಪೆನ್ಸಿಲಿನ ಗೆರೆ. 24 ತಾಸು. ಮರುದಿನ ನೀರು ಗೆರೆಯಿಂದ ಅರ್ಧ ಇಂಚಿಗೂ ಕೆಳಗಿತ್ತು. ಗುತ್ತಿಗೆದಾರ ನೋಡಿ, ‘ಬಿಸಲಿಗೆ ಆರೇತ್ರಿ. ಹೊಸಾ ಸಿಮೆಂಟ್ ಒಂದೀಟು ಕುಡದೈತಿ,’ ಎಂದ. ವಾದಿಸಲು ನನ್ನ ಬಳಿ ಏನೂ ಇರಲಿಲ್ಲ. ಆಯಿ, ‘ಮತ್ತ ತುಂಬಸ್ರಿ,’ ಎಂದಳು. ತುಂಬಿಸಿದ ಮೇಲೆ ಹಿಟ್ಟು ನಾದುವ ಪರಾತವನ್ನು ತರಿಸಿ, ಅದರಲ್ಲೂ ನೀರು ಹಾಕಿ, ಅದಕ್ಕೂ ಗೆರೆ ಹೊಡೆಸಿ, ಬಚ್ಚಲಿನ ಮೂಲೆಯಲ್ಲಿ ಎರಡು ಇಟ್ಟಿಗೆಯ ಮೇಲೆ ಇಡಿಸಿದಳು. ಬಿಸಿಲಿಗೆ ಆರುವುದಾದರೆ ಎರಡೂ ಆರಬೇಕಲ್ಲ. ಮರುದಿನ ಪರಾತದ ನೀರು ಕೂದಲೆಳೆಯಷ್ಟು ಇಳಿದಿತ್ತು. ನೆಲದ್ದು ಮತ್ತೆ ಅರ್ಧ ಇಂಚು. ಗುತ್ತಿಗೆದಾರ ಪರಾತವನ್ನು ನೋಡಿದ, ಆಯಿಯನ್ನು ನೋಡಿದ, ಮಾತಾಡದೆ ನೀರು ಬಿಡಿಸಿದ. ಕಮೋಡಿನ ಪೈಪು ನೆಲ ಸೇರುವಲ್ಲಿ, ಸುತ್ತಲಿನ ಲೇಪದಲ್ಲಿ ಉಗುರು ತೂರುವಷ್ಟು ಬಿರುಕಿತ್ತು. ಕಿತ್ತು ಮತ್ತೆ ಹಾಕಿದರು. ಮೂರನೆಯ ಪರೀಕ್ಷೆಯಲ್ಲಿ ನೆಲ ಮತ್ತು ಪರಾತ ಸಮವಾಗಿ ನಿಂತವು.

ಕಿತ್ತು ಹಾಕಿದ್ದು ಅರ್ಧ ದಿನದ ಕೆಲಸ. ಆ ಅರ್ಧ ದಿನಕ್ಕೆ ಗೌಂಡಿಗೆ ಕೂಲಿ ಸಿಕ್ಕಿತು, ಏಕೆಂದರೆ ಅವನು ಸಿಟ್ಟಾದರೆ ಉಡುಪಿಯ ಬಸ್ಸು ಹತ್ತುತ್ತಾನೆ. ಹೆಂಗಸಿಗೆ ಸಿಗಲಿಲ್ಲ. ನಮಗೆ ತಿಳಿದದ್ದು ಅವಳು ರೊಟ್ಟಿ ತಿನ್ನುತ್ತ ಅವ್ವನಿಗೆ ಹೇಳಿದ್ದರಿಂದ. ನಾನು ಕಾಗದ ತೆಗೆದು ನೋಡಿದೆ. ಸಿಮೆಂಟಿನ ಪ್ರಮಾಣ ಇತ್ತು, ಪೈಪಿನ ದಪ್ಪ ಇತ್ತು. ಗುತ್ತಿಗೆ ಎಂಬುದೇ ಕೊಡುವವರ ಮತ್ತು ಮಾಡಿಸುವವರ ನಡುವಿನದು. ಹೊರುವವರು ಅದರಲ್ಲಿ ಬರುವುದಿಲ್ಲ. ಪಟ್ಟದಕಲ್ಲಿನಲ್ಲೂ ಗುಂಡನ ಹೆಸರಿದೆ, ಕಲ್ಲು ಎಳೆದವರದ್ದಿಲ್ಲ. ಕಾನೂನು ಕೂಡ ಹೀಗೇ ನೋಡಿದೆ: ಕಟ್ಟಡ ಕಾರ್ಮಿಕರಿಗೆಂದೇ ಬಂದ 1996ರ ಕಾಯ್ದೆ, 10 ಲಕ್ಷ ರೂಪಾಯಿಯೊಳಗೆ ತನ್ನ ವಾಸದ ಮನೆಯ ಕೆಲಸ ಮಾಡಿಸುವವರನ್ನು ತನ್ನ ಲೆಕ್ಕದಿಂದ ಹೊರಗಿಟ್ಟಿತ್ತು. ನಮ್ಮಂಥ ಮನೆಗಳ ಬಚ್ಚಲುಗಳೆಲ್ಲ ಅದರ ಹೊರಗೆ.

‘ಆ ಅರ್ಧ ದಿನ ನೀವ ಕೊಡ್ರಿ. ಪರೀಕ್ಷಾ ಮಾಡಿಸಿದವ್ರು ನೀವ,’ ಎಂದ ಗುತ್ತಿಗೆದಾರ. ‘ಸೋರಿದ್ದು ಯಾರ ಕೆಲಸ?’ ಎಂದಳು ಆಯಿ. ಅವನು ಕೆಟ್ಟವನಲ್ಲ. ಮೂರು ಮನೆಯವರು ಅವನಿಗೆ ಬಾಕಿ ಉಳಿಸಿಕೊಂಡಿದ್ದರು, ಟೈಲ್ಸಿನ ಅಂಗಡಿಯವನು ದಿನಾ ಫೋನು ಮಾಡುತ್ತಿದ್ದ. ಮಂಗಳೂರಿನಲ್ಲಿ ಅವನೂ ಹೀಗೇ ಅರ್ಧ ದಿನಗಳನ್ನು ಕಳೆದುಕೊಂಡವನೇ. ಬಿಗಿತ ಮೇಲಿಂದ ಕೆಳಗೆ ಇಳಿಯುತ್ತದೆ, ಎಲ್ಲರ ಕೆಳಗಿರುವವರ ಬಳಿ ಬಂದು ನಿಲ್ಲುತ್ತದೆ. ಅದರ ವಾಟ ಎಂದೂ ತಪ್ಪುವುದಿಲ್ಲ. ಅವನು 200 ರೂಪಾಯಿ ತೆಗೆದು ಅವಳ ಕೈಗೆ ಕೊಟ್ಟ.

ಆಗ ಅವಳು ಬ್ಲೌಸಿನೊಳಗಿಂದ ಮಡಚಿದ ಒಂದು ಕಾಗದ ತೆಗೆದಳು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿಗೆ ಬೇಕಾದ ಪ್ರಮಾಣಪತ್ರ. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಾಳೆಂದು ಕೆಲಸ ಕೊಟ್ಟವರು ಸಹಿ ಹಾಕಬೇಕು. ಕಾರ್ಡು ಸಿಕ್ಕರೆ ಮಕ್ಕಳ ಓದಿಗೆ, ಹೆರಿಗೆಗೆ, ಆಸ್ಪತ್ರೆಗೆ, ಅರವತ್ತರ ಮೇಲೆ ಪಿಂಚಣಿಗೆ ಅರ್ಜಿ ಹಾಕಬಹುದು. ಆ ಕಾಗದ ಎಂಟು ತಿಂಗಳಿಂದ ಅವಳ ಬಳಿ ಇತ್ತು. ‘ಸಹಿ ಮಾಡಿದ್ರ ನಾ ಮಾಲಕ ಆದಂಗ ಆತಲ್ರಿ. ನಾಳಿ ಏನರ ಆದ್ರ ನನ್ನ ಕೊಳ್ಳಿಗೆ. ಮತ್ತ ನನ್ನ ಕಡೆ ಅರವತ್ತು ದಿನಾ ಆಗಿರಬೇಕು ಅಷ್ಟ,’ ಎಂದ ಅವನು.

ಎಣಿಸೋಣ ಎಂದೆವು. ಕಟ್ಟೆಯ ಮೇಲೆ ಎಲ್ಲರೂ ಕೂತೆವು. ಅವಳಿಗೆ ತಾರೀಖು ಗೊತ್ತಿಲ್ಲ, ಆದರೆ ಯಾವ ಮನೆಯ ಯಾವ ಕೆಲಸ ಯಾವ ಹಬ್ಬದ ಆಚೆ ಈಚೆ ಎಂಬುದು ಬೆರಳ ತುದಿಯಲ್ಲಿತ್ತು. ಕಾರಹುಣ್ಣಿಮೆಯ ಮುಂದೆ ಚೊಳಚಗುಡ್ಡದ ಪಾಯ ಹನ್ನೆರಡು ದಿನ. ನಾಗರಪಂಚಮಿ ದಾಟಿ ಬಾದಾಮಿಯ ಸ್ಲ್ಯಾಬು, ಅದರ ಗಿಲಾವು, ಇಪ್ಪತ್ತಾರು. ದಸರೆಗೆ ಬಿಡುವು. ದೀಪಾವಳಿಯಾದ ಮೇಲೆ ಕಂಪೌಂಡು ಹತ್ತೊಂಬತ್ತು, ನಡುವೆ ಮಗನಿಗೆ ಜ್ವರ ಬಂದು ಎರಡು ಕಳೆಯಬೇಕು. ಜಾತ್ರೆಯ ಮೊದಲು ಅಂಗಡಿಯ ಕಟ್ಟೆಗಳು ಇಪ್ಪತ್ತೈದು. ನಮ್ಮ ಮನೆ ಹದಿಮೂರು. ಗುತ್ತಿಗೆದಾರ ನಡುನಡುವೆ ತಡೆಯಲು ನೋಡಿದ. ಪ್ರತಿ ಸಲವೂ ಗೌಂಡಿ ತಲೆಯಾಡಿಸಿ ಅವಳು ಹೇಳಿದ್ದೇ ಸರಿ ಎಂದ. ನಾನು ಬರೆದುಕೊಂಡು ಕೂಡಿಸಿದೆ. 93. ‘ಅರ್ಧ ದಿನ ಬ್ಯಾರೆ,’ ಎಂದಳು ಆಯಿ. ಅವನು ಕೊನೆಗೆ ನಕ್ಕೇಬಿಟ್ಟ. ಅದೇ ದೊಡ್ಡ ಅಕ್ಷರ, ಅದೇ ಅಡ್ಡ ಗೆರೆ. ಅವನ 15 ಸಾವಿರವನ್ನು ಅವ್ವ ಎಣಿಸಿ ಕೊಟ್ಟಳು.

ಅರ್ಜಿ ಹೋಗಿದೆ. ಕಾರ್ಡು ಇನ್ನೂ ಬಂದಿಲ್ಲ. ಬಚ್ಚಲು ಸೋರುತ್ತಿಲ್ಲ. ಅವ್ವನ ಆಸೆಯಂತೆ ಬಾಗಿಲನ್ನು ಜಾತ್ರೆಯಲ್ಲಿ ಕೊಳ್ಳಲಾಗಲಿಲ್ಲ. ನೀರಿಗೆ ಮರ ಉಬ್ಬುತ್ತದೆಂದು ಪ್ಲಾಸ್ಟಿಕ್ಕಿನದೇ ಹಾಕಿದೆವು, ಹೊರಗಿನಿಂದಲೂ ತೆಗೆಯಬಹುದಾದ ಚಿಲಕದ್ದು, ಆಯಿ ಒಳಗೆ ಬಿದ್ದರೆ ಎಂದು. ಕೆಂಪು ಚಪ್ಪಡಿ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿದೆ. ಆಯಿ ಮೊದಲ ನಾಲ್ಕು ದಿನ ಕಮೋಡಿನ ಮೇಲೆ ಗಂಗಾಳ ಬೋರಲು ಹಾಕಿಟ್ಟಿದ್ದಳು, ಐದನೆಯ ದಿನ ಗಂಗಾಳ ಕಾಣಲಿಲ್ಲ. ಈಗ ರಾತ್ರಿ ಊಟವಾದ ಮೇಲೆ ಒಂದು ತಂಬಿಗೆ ನೀರು ಕುಡಿದು ಮಲಗುತ್ತಾಳೆ.

ಕಳೆದ ತಿಂಗಳು ಆ ಹೆಂಗಸು ದೇವಿಗೆ ಕಾಯಿ ಒಡೆಸಲು ಮಗನ ಜೊತೆ ಬಂದಿದ್ದಳು. ಬಾಗಿಲಲ್ಲಿ ನಿಂತು ಆಯಿಯನ್ನು ಮಾತಾಡಿಸಿ, ಸ್ವಲ್ಪ ಹಿಂಜರಿದು ಒಳಗಿನ ಕಡೆ ನೋಡಿದಳು. ಆಯಿ, ‘ಹೋಗು, ನೀ ಕಟ್ಟಿದ್ದ ಅಲ್ಲನು. ಚಿಲಕ ಒಳಗ ಐತಿ,’ ಎಂದಳು. ಅವಳು ಹೊರಬಂದ ಮೇಲೆ ಚಹಾ ಆಯಿತು. ಚಹಾ ಯಾವ ಲೋಟದಲ್ಲಿ ಎಂಬುದರ ಮೇಲೆ ನನಗೂ ಆಯಿಗೂ ಅಡುಗೆಮನೆಯಲ್ಲಿ ದನಿ ತಗ್ಗಿಸಿದ ಒಂದು ಜಗಳವಾಯಿತು. ಅದು ಇನ್ನೂ ಮುಗಿದಿಲ್ಲ.